ನಿಮ್ಮ ಪುಸ್ತಕ ನನ್ನ ಹತ್ತಿರವಿದೆ

ಕೋಲಾರ
9 ಫೆಬ್ರವರಿ 2025, ಭಾನುವಾರ

ನಿಶಾತಳ ಅಬ್ಬಾಗೆ,

ಅಸ್ಸಲಾಮು ಅಲೈಕುಮ್. ಅಮ್ಮಿಯ ಮಂಡಿನೋವು ಎಷ್ಟೋ ವಾಸಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ತಿಂಗಳಿಂದ ನಾನು ತವರಿನಲ್ಲಿ ಕೂತಿರುವುದು ಆ ಮಂಡಿಯ ನೆಪದಲ್ಲಿ. ಇನ್ನು ಆ ನೆಪವೂ ಉಳಿದಿಲ್ಲ.

ಶ್ರೀನಿವಾಸಪುರದ ನಿಮ್ಮ ಕಾಲೇಜಿನಿಂದ ಬರುವಾಗ ಬಸ್ಸಿನಲ್ಲಿ ಬಿಟ್ಟೆನೆಂದುಕೊಂಡು ಮುಳಬಾಗಿಲಿನ ಡಿಪೋದವರೆಗೂ ಹೋಗಿ ಹುಡುಕಿದಿರಲ್ಲ, ಆ ನೀಲಿ ರಟ್ಟಿನ ನೋಟ್‌ಬುಕ್ ಕಳೆದಿಲ್ಲ. ನನ್ನ ಹತ್ತಿರ ಇದೆ. ನೀವು ಸ್ನಾನಕ್ಕೆ ಹೋದಾಗ ನಿಮ್ಮ ಚೀಲದಿಂದ ನಾನೇ ತೆಗೆದೆ. ಕದ್ದೆ ಅನ್ನಿ, ಅದೇ ಸರಿಯಾದ ಮಾತು.

ಫೋನಿನಲ್ಲಿ ಹೇಳಬಹುದಿತ್ತು. ಹೇಳಿದ್ದರೆ ನೀವು ನಡುವೆ ಬಾಯಿ ಹಾಕುತ್ತಿದ್ದಿರಿ, ನಾನು ಅಳುತ್ತಿದ್ದೆ, ಮಾತು ದಖನಿಯಲ್ಲಿ ಶುರುವಾಗಿ ದಖನಿಯಲ್ಲೇ ಜಗಳವಾಗಿ ನಿಲ್ಲುತ್ತಿತ್ತು. ಬರೆಯಲು ನನಗೆ ಬರುವುದು ಕನ್ನಡ. ಕೋಲಾರದ ಕಾಲೇಜಿನಲ್ಲಿ ಬಿ.ಎ. ಮಾಡಿದಾಗ ಕನ್ನಡದಲ್ಲಿ ನಾನೇ ಮೊದಲಿಗಳು. ಇದನ್ನು ನೀವು ಮರೆತಿರಬಹುದು. ನಮ್ಮ ನಿಕಾಹ್ ಆದ ವರ್ಷ ನಾನು ಎಂ.ಎ. ಅರ್ಜಿ ತುಂಬಿ ಇಟ್ಟಿದ್ದೆ. ಅದು ಕಳಿಸದೆಯೇ ಹಾಗೇ ಉಳಿಯಿತು.

ನನ್ನ ಹೊಟ್ಟೆಕಿಚ್ಚು ಶುರುವಾದ ದಿನ ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ಪುಸ್ತಕದ ಅನುವಾದಕ್ಕೆಂದು ಮಾಲೂರಿನಿಂದ ಮೇಘನ ಭಾನುವಾರಗಳಂದು ನಮ್ಮ ಮನೆಗೆ ಬರತೊಡಗಿ ಆರೇಳು ವಾರವಾಗಿತ್ತು. ಇಂಗ್ಲಿಷ್ ಉಪನ್ಯಾಸಕಿ, ಮೂವತ್ತು ದಾಟಿಲ್ಲ, ಓದಿಕೊಂಡ ಹುಡುಗಿ. ಊಟದ ಮೇಜಿನ ಆ ಕಡೆ ಅವಳು, ಈ ಕಡೆ ನೀವು, ನಡುವೆ ಕಾಗದದ ರಾಶಿ. ಅಮೆರಿಕದ ಆ ಒಳಯುದ್ಧ, ಗುಲಾಮಗಿರಿ ಇರಬೇಕೋ ಬೇಡವೋ ಎಂದು ಒಂದೇ ದೇಶದವರು ನಾಲ್ಕು ವರ್ಷ ಒಬ್ಬರನ್ನೊಬ್ಬರು ಕೊಂದುಕೊಂಡ ಕಥೆ, ನಮ್ಮ ಮನೆಯ ಮೇಜಿನ ಮೇಲೆ ಹರಡಿತ್ತು. ಮನುಷ್ಯರನ್ನು ಹತ್ತಿಸಿ ನಿಲ್ಲಿಸಿ ಕೂಗಿ ಮಾರುತ್ತಿದ್ದ ಆ ಕಲ್ಲಿಗೆ ಕನ್ನಡದಲ್ಲಿ ಏನನ್ನುವುದು ಎಂದು ನೀವಿಬ್ಬರೂ ಕಾಲು ಗಂಟೆ ತಲೆ ಕೆಡಿಸಿಕೊಂಡಿರಿ. ನೀವು ‘ಹರಾಜು ವೇದಿಕೆ’ ಎಂದು ಬರೆದಿರಿ. ನಾನು ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, “ಟೊಮೇಟೊ ಮಂಡಿಯಲ್ಲಿ ಎಲ್ಲರೂ ಹರಾಜು ಕಟ್ಟೆ ಅಂತಾರಲ್ಲ” ಎಂದೆ. ನೀವು ತಲೆ ಎತ್ತದೆ, “ಸಕ್ಕರೆ ಕಮ್ಮಿ ಹಾಕಿದೀಯ ತಾನೆ?” ಎಂದು ಕೇಳಿದಿರಿ.

ಮುಂದಿನ ಭಾನುವಾರ ಮೇಘನ ತಿದ್ದಿ ತಂದ ಹಾಳೆಯಲ್ಲಿ ‘ಹರಾಜು ಕಟ್ಟೆ’ ಎಂದಿತ್ತು. ನೀವು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, “ಎಂಥಾ ಮಾತು ಹುಡುಕಿದೀಯಮ್ಮಾ!” ಎಂದಿರಿ. ನಾನು ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದೆ. ಅವಳು ಏನಾದರೂ ಹೇಳುತ್ತಾಳೇನೋ ಎಂದು ಕಿವಿಗೊಟ್ಟು ನಿಂತೆ. ಏನೂ ಹೇಳಲಿಲ್ಲ.

ನೀವು ಅವಳನ್ನು ಬೇರೆ ಕಣ್ಣಿನಿಂದ ನೋಡಿದಿರಿ ಎಂದು ನಾನು ಒಂದು ದಿನವೂ ನಂಬಲಿಲ್ಲ. ನಂಬಿದ್ದರೆ ನನ್ನ ಸಂಕಟ ಇಷ್ಟಿರುತ್ತಿರಲಿಲ್ಲ. ಹಾಗಾದ ಹೆಂಗಸರ ಪರ ಮಾತಾಡಲು ಹತ್ತು ಜನ ಬರುತ್ತಾರೆ. ಗಂಡ ಬೇರೊಬ್ಬಳಿಗೆ ಪುಟ ಓದಿ ಹೇಳುತ್ತಾನೆ, ನನಗೆ ಹೇಳುವುದಿಲ್ಲ ಎಂದು ಅತ್ತರೆ ಯಾರು ಕೇಳುತ್ತಾರೆ? ನೀವು ಈ ಕೆಲಸಕ್ಕೆ ಯಾಕೆ ಕೈ ಹಾಕಿದಿರಿ ಎಂಬುದೂ ನನಗೆ ಗೊತ್ತಾದದ್ದು ಅವಳಿಂದ. ನಿಮ್ಮ ತರಗತಿಯಲ್ಲಿ ನೀವು ಆ ಯುದ್ಧದ ಪಾಠ ಮಾಡುವಾಗ ಯಲ್ದೂರಿನ ಕಡೆಯ ಒಬ್ಬ ಹುಡುಗಿ ಎದ್ದು, “ನಮ್ ತಾತ ಕದಿರಪ್ಪನೂ ಜೀತಕ್ಕಿದ್ರು ಸಾರ್, ಅವರ ತಮ್ಮನ್ನ ಮದನಪಲ್ಲಿ ಕಡೆ ಕಳಿಸ್ಬಿಟ್ರಂತೆ, ಆಮೇಲೆ ಸಿಗ್ಲೇ ಇಲ್ಲ” ಎಂದಳಂತೆ. ಆ ದಿನ ನೀವು ಪಾಠ ನಿಲ್ಲಿಸಿ ಕೂತುಬಿಟ್ಟಿರಂತೆ. ಆ ಸಂಜೆ ಮನೆಗೆ ಬಂದು ನೀವು ನನ್ನ ಜೊತೆ ಆಡಿದ ಮಾತು ಗ್ಯಾಸ್ ಸಿಲಿಂಡರ್ ಬಗ್ಗೆ.

ಈಗ ನಿಮಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ಒಂದೇ ಉಸಿರಿನಲ್ಲಿ ಬರೆಯದಿದ್ದರೆ ಆಗುವುದಿಲ್ಲ.

ಅಕ್ಟೋಬರ್‌ನಲ್ಲಿ ಮೇಘನಳ ಕಾಲೇಜಿನ ಪ್ರಿನ್ಸಿಪಾಲ್ ಚನ್ನರಾಯಪ್ಪನವರಿಗೆ ಹೆಸರಿಲ್ಲದ ಪತ್ರ ಹೋಯಿತಲ್ಲ, ಅದನ್ನು ಬರೆದವಳು ನಾನು. ನಿಮ್ಮ ಕಾಲೇಜಿನಲ್ಲಿ ಯಾರಿಗೋ ನಿಮ್ಮನ್ನು ಕಂಡರೆ ಆಗದು, ಅವರ ಕೆಲಸ ಎಂದು ನೀವು ಊಟ ಬಿಟ್ಟು ಕೂತಿದ್ದಾಗ ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ. “ಸಂಶೋಧನೆಯ ನೆಪದಲ್ಲಿ ತಮ್ಮ ಉಪನ್ಯಾಸಕಿಯೊಬ್ಬರು ಭಾನುವಾರಗಳನ್ನು ಮುಳಬಾಗಿಲಿನಲ್ಲಿ ಯಾರ ಜೊತೆ ಕಳೆಯುತ್ತಾರೆಂದು ದಯವಿಟ್ಟು ವಿಚಾರಿಸಿ. ಇಂತಿ, ಹಿತೈಷಿ.” ಇಪ್ಪತ್ತೆರಡು ವರ್ಷದ ನಂತರ ನಾನು ಕನ್ನಡದಲ್ಲಿ ಕೂತು ಯೋಚಿಸಿ ಬರೆದ ವಾಕ್ಯ ಅದು. ಒಂದು ಅಕ್ಷರ ತಪ್ಪಿರಲಿಲ್ಲ. ಆ ಮನೆಯಲ್ಲಿ ಹೆಂಡತಿಯೂ ಇರುತ್ತಾಳೆ, ಟೀ ಕೊಡುವವಳು ಅವಳೇ ಎಂದು ಮಾತ್ರ ಬರೆಯಲಿಲ್ಲ. ಅಮ್ಮಿಯನ್ನು ನೋಡಲು ಬಂದಾಗ ಕೋಲಾರದಲ್ಲೇ ಅಂಚೆಗೆ ಹಾಕಿದೆ.

ಮೇಘನಳಿಂದ ವಿವರಣೆ ಕೇಳಿದರು, ಅವಳು ಬರುವುದು ನಿಂತಿತು. ಒಂದು ವಾರ ನಾನು ಹಾಡಿಕೊಂಡು ಕೆಲಸ ಮಾಡಿದೆ. ಆಮೇಲೆ ನೀವು ಖಾಲಿ ಮೇಜಿನ ಮುಂದೆ ಕೂರುವುದನ್ನು ನೋಡಿದೆ. ಡಿಸೆಂಬರಿನಲ್ಲಿ ಒಂದು ದಿನ ನೀವು ರೊಟ್ಟಿ ಮುರಿಯುತ್ತಾ, “ಆ ಹುಡುಗಿ ಇಲ್ಲದೆ ಈ ಪುಸ್ತಕ ಮುಗಿಯೋದಿಲ್ಲ” ಎಂದಿರಿ. ನಾನು ನಿಮ್ಮ ಎದುರಿಗೇ ಕೂತಿದ್ದೆ. ಮಾರನೆಯ ಬೆಳಿಗ್ಗೆ ನೋಟ್‌ಬುಕ್ ತೆಗೆದುಕೊಂಡು ಅಮ್ಮಿಯ ಮನೆಗೆ ಬಂದೆ.

ಸುಡಲೆಂದೇ ತಂದದ್ದು. ಇಲ್ಲಿ ಹಿತ್ತಲಿನಲ್ಲಿ ಇನ್ನೂ ನೀರು ಕಾಯಿಸುವ ಸೌದೆ ಒಲೆ ಇದೆ. ಒಲೆಯ ಮುಂದೆ ಕೂತವಳು, ಸುಡುವ ಮೊದಲು ಅವಳ ಕೈಬರಹ ಎಲ್ಲೆಲ್ಲಿದೆ ನೋಡೋಣ ಎಂದು ಬಿಚ್ಚಿದೆ. ನೀರು ಕುದಿದು ಹೋಯಿತು. ನಾನು ಓದುತ್ತಲೇ ಇದ್ದೆ.

ನೀವು ಯಾವತ್ತೂ ನನಗೆ ಹೇಳದ್ದನ್ನು ಆ ನೋಟ್‌ಬುಕ್ ಹೇಳಿತು. ಯುದ್ಧ ಮುಗಿದು ನಲವತ್ತು ಲಕ್ಷ ಜನ ಬಿಡುಗಡೆಯಾದರು. ಆದರೆ ಅವರು ಮೊದಲು ಮಾಡಿದ ಕೆಲಸ, ಮಾರಿಹೋದ ತಾಯಿ, ಮಗ, ಗಂಡ, ಹೆಂಡತಿಯನ್ನು ಹುಡುಕುವುದು. ಯಜಮಾನ ಬದಲಾದರೆ ಹೆಸರೂ ಬದಲಾಗುತ್ತಿತ್ತು, ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ, ಅಕ್ಷರ ಕಲಿಸುವುದೇ ಎಷ್ಟೋ ಕಡೆ ಅಪರಾಧವಾಗಿತ್ತು. ಅಂಥವರು ಬೇರೆಯವರ ಕೈಲಿ ಬರೆಸಿ ಪತ್ರಿಕೆಗೆ ನಾಲ್ಕು ಸಾಲು ಕಳಿಸುತ್ತಿದ್ದರು, ಚರ್ಚುಗಳಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಸೋತ ಯಜಮಾನರ ಕಡೆಯವರು ದೊಡ್ಡ ಬಂಗಲೆ, ನಗುನಗುತ್ತಾ ದುಡಿಯುವ ಗುಲಾಮರು ಎಂದು ಸುಂದರವಾದ ಕಾದಂಬರಿಗಳನ್ನು ಬರೆದರು, ಜನ ಮುಗಿಬಿದ್ದು ಓದಿದರು. ನಿಜ ಉಳಿದದ್ದು ನೀವಿಬ್ಬರೂ ಕನ್ನಡಕ್ಕೆ ತರುತ್ತಿದ್ದ ಆ ನಾಲ್ಕು ಸಾಲುಗಳಲ್ಲಿ. ಮುಂದೆ ಮೊಮ್ಮಕ್ಕಳು ಮರಿಮಕ್ಕಳು ಬರೆದ ದೊಡ್ಡ ಪುಸ್ತಕಗಳಲ್ಲೆಲ್ಲ ಮಕ್ಕಳನ್ನು ಹುಡುಕುವ ತಾಯಂದಿರು ಇರುವುದು ಅದಕ್ಕೇ ಎನ್ನುತ್ತೀರಿ. ಈ ಮಾತನ್ನು ನೀವು ನನಗೆ ಒಂದು ಸಲ ಹೇಳಿದ್ದರೆ ನಾನು ಟೀ ಚೆಲ್ಲಿಕೊಂಡು ಕೇಳುತ್ತಿದ್ದೆ.

ಅಮ್ಮಿಗೆ ಓದಲು ಬರುವುದಿಲ್ಲವಲ್ಲ. ಒಂದೊಂದನ್ನೇ ದಖನಿಯಲ್ಲಿ ಹೇಳಿದೆ. ಮಗನನ್ನು ಹುಡುಕುವ ಮುದುಕಿಯದನ್ನು ಹೇಳಿದಾಗ, “ಉಸ್ಕು ಬೇಟಾ ಮಿಲ್ಯಾ ಕ್ಯಾ?” ಎಂದು ಕೇಳಿದಳು. ಮಗ ಸಿಕ್ಕನೋ ಇಲ್ಲವೋ ಪುಸ್ತಕದಲ್ಲಿಲ್ಲ ಅಮ್ಮಿ ಎಂದೆ. “ಗೊತ್ತಿಲ್ಲದ್ದನ್ನ ಯಾಕೆ ಹೇಳಿದೆ ಮತ್ತೆ?” ಎಂದು ಬೈದು, ತಟ್ಟೆ ಪಕ್ಕಕ್ಕೆ ಸರಿಸಿದಳು. ಮರುದಿನ ತಾನೇ ಬಂದು, ಇನ್ನೊಂದು ಹೇಳು ಎಂದಳು.

ನಲವತ್ತೊಂದನೆಯ ಪುಟದಲ್ಲಿ ಒಬ್ಬ ಹೆಂಗಸು ಗಂಡನನ್ನು ಹುಡುಕುತ್ತಾಳೆ. ಬೇರೆಯಾಗಿ ಹದಿನೆಂಟು ವರ್ಷ. ಅವನಿಗೆ ಈಗ ಬೇರೆ ಹೆಂಡತಿ ಇದ್ದರೂ ಅಡ್ಡಿಯಿಲ್ಲ, ಬದುಕಿದ್ದಾನೆಂದು ಒಂದು ಮಾತು ತಿಳಿಸಲಿ, ಸಾಕು ಎನ್ನುತ್ತಾಳೆ. ನನಗೆ ಅವಳ ಮೇಲೆ ಸಿಟ್ಟೇ ಬಂತು. ಇವಳಿಗೆ ಹೊಟ್ಟೆ ಉರಿಯುವುದಿಲ್ಲವೇ? ಎರಡು ದಿನ ಅದೇ ಯೋಚನೆ. ಆಮೇಲೆ ಅನಿಸಿತು, ಉರಿದಿರುತ್ತದೆ. ಯಾಕೆ ಉರಿಯದು? ಆದರೆ ಆ ಉರಿಯನ್ನು ಅವಳು ಪತ್ರಿಕೆಗೆ ಕಳಿಸಲಿಲ್ಲ. ನಾನು ಕಳಿಸಿದೆ, ಹಿತೈಷಿ ಎಂದು ಬರೆದು.

ನೀವು ಅವಳ ಬಾಯಲ್ಲಿ ‘ನಾನು ಮಾರಲ್ಪಟ್ಟೆ’ ಎಂದು ಬರೆದಿದ್ದೀರಿ. ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಾರೆಯೇ? ಮಾರಿದವರು ಯಾರೂ ಇಲ್ಲವೇನೋ, ತಾನಾಗಿ ಆಯಿತೇನೋ ಎನ್ನುವ ಹಾಗೆ ಕೇಳುತ್ತದೆ. ಪೆನ್ಸಿಲ್ ತೆಗೆದುಕೊಂಡು ‘ನನ್ನನ್ನು ಮಾರಿದರು’ ಎಂದು ತಿದ್ದಿದೆ. ಒಂದು ತಿದ್ದಿದ ಮೇಲೆ ಕೈ ನಿಲ್ಲಲಿಲ್ಲ. ನೂರಾ ಹನ್ನೆರಡು ಪುಟವೂ ತಿದ್ದಿ ಮುಗಿದಿದೆ.

ಮುಗಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಮೊನ್ನೆ ಗುರುವಾರ ಮಾಲೂರಿಗೆ ಹೋದೆ.

ಚನ್ನರಾಯಪ್ಪನವರಿಗೆ ನಾನು ಯಾರೆಂದು ಹೇಳಿ, ಆ ಪತ್ರ ನನ್ನದು, ಅದರಲ್ಲಿರುವುದು ಸುಳ್ಳು ಎಂದೆ. ಅವರು ಕನ್ನಡಕ ತೆಗೆದು, “ಏನಮ್ಮಾ, ಹುಡುಗಾಟ ಅನ್ಕೊಂಡಿದೀರಾ? ಆ ಹುಡುಗಿ ಇಲ್ಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ” ಎಂದರು. ಬಿಳಿ ಹಾಳೆ ಮುಂದಿಟ್ಟರು. ಈ ಸಲ ಹೆಸರು, ವಿಳಾಸ, ಸಹಿ ಎಲ್ಲ ಹಾಕಿ ಬರೆದುಕೊಟ್ಟೆ. ಮೇಘನಳನ್ನು ಕರೆಸಿದರು. ಸಣ್ಣಗಾಗಿದ್ದಾಳೆ. ಹಾಳೆ ಓದಿ ಮಡಚಿ, ನನ್ನ ಮುಖ ನೋಡದೆ, “ಅಕ್ಕಾ, ನಮ್ಮಪ್ಪ ಮೂರು ತಿಂಗಳಿಂದ ನನ್ನ ಹತ್ರ ಮಾತಾಡ್ತಿಲ್ಲ. ಅವರಿಗೂ ಹೇಳ್ತೀರಾ?” ಎಂದಳು.

ಪ್ರಿನ್ಸಿಪಾಲರ ಮುಂದೆ ನಿಲ್ಲುವುದು ಸುಲಭವಿತ್ತು. ಆ ಮನೆಯ ಮೆಟ್ಟಿಲು ಹತ್ತುವುದು ಹಾಗಿರಲಿಲ್ಲ. ಅವಳ ತಂದೆ ವೇಣುಗೋಪಾಲ್ ಅವರು ಕೂರಲು ಹೇಳಲಿಲ್ಲ. ನಿಂತೇ ಹೇಳಿದೆ. ಕೇಳಿ ಮುಗಿದ ಮೇಲೆ ಅವರು ತೆಲುಗಿನಲ್ಲಿ ತಮಗೆ ತಾವೇ ಏನೋ ಅಂದುಕೊಂಡರು. ಒಳಗಡೆ ತಿರುಗಿ, “ಮೇಘನಾ, ಊಟ ಮಾಡಿದೇನಮ್ಮಾ?” ಎಂದು ಕೂಗಿದರು. ಅವಳು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಬಸ್ ನಿಲ್ದಾಣದವರೆಗೆ ಬಂದಳು. ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ನೋಟ್‌ಬುಕ್ ಕೈಗಿತ್ತೆ. ನಿಂತಲ್ಲೇ ಏಳೆಂಟು ಪುಟ ತಿರುವಿದಳು.

“ಇದೆಲ್ಲ ನೀವು ತಿದ್ದಿದ್ದಾ?”

ಹೌದೆಂದೆ.

“ಹರಾಜು ಕಟ್ಟೆ ನಿಮ್ಮ ಮಾತು. ನಂಗೊತ್ತಿತ್ತು. ಸರ್ ಅಷ್ಟು ಹೊಗಳಿಬಿಟ್ರಲ್ಲ, ಸುಮ್ನಾಗ್ಬಿಟ್ಟೆ” ಎಂದಳು. ಬಸ್ಸು ಬಂದಾಗ ನೋಟ್‌ಬುಕ್ ನನ್ನ ಕೈಗೆ ವಾಪಸು ಕೊಟ್ಟಳು.

ನೋಟ್‌ಬುಕ್ಕನ್ನು ತಮ್ಮ ಅಕ್ರಂ ಕೈಲಿ ಈ ಪತ್ರದ ಜೊತೆ ಕಳಿಸಿದ್ದೇನೆ. ಮೇಘನಳನ್ನು ಮತ್ತೆ ಕೆಲಸಕ್ಕೆ ಕರೆಯಿರಿ. ಬರುವುದು ಬಿಡುವುದು ಅವಳಿಷ್ಟ. ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ಮಾತ್ರ ತಿಳಿಯಬೇಡಿ. ಅವಳು ಮೇಜಿನ ಆ ಕಡೆ ಕೂತರೆ ಮತ್ತೆ ಉರಿಯುತ್ತದೆ, ನನಗೆ ಗೊತ್ತು. ಅಡುಗೆಮನೆಯಲ್ಲಿ ನಿಂತು ಉರಿಯುವ ಬದಲು ಅಲ್ಲೇ ಮೂರನೆಯ ಕುರ್ಚಿಯಲ್ಲಿ ಕೂತು ಉರಿಯುತ್ತೇನೆ. ನಾನು ಮಾಡಿದ್ದಕ್ಕೆ ನಿಮಗೆ ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಅದನ್ನೂ ಬರೆದು ತಿಳಿಸಿ, ಅಕ್ರಂ ಕೈಲಿ ಹೇಳಿಕಳಿಸಬೇಡಿ. ಕರೆದರೆ ಮಾರನೆಯ ದಿನದ ಬಸ್ಸಿಗೆ ಬರುತ್ತೇನೆ.

ಗುಳಿಗೆ ಮರೆಯದೆ ನುಂಗುತ್ತಿದ್ದೀರಷ್ಟೆ?

ನಿಮ್ಮ,
ತರನ್ನುಮ್

ತಾ.ಕ.: ಕೊನೆಯ ಹಾಳೆಯಲ್ಲಿ ನೀವು ಬರೆದಿಟ್ಟ ಕೃತಜ್ಞತೆಗಳನ್ನೂ ಓದಿದೆ. ಮೇಘನಳಿಗೆ ಹನ್ನೊಂದು ಸಾಲು. ನನಗೆ, ‘ತಾಳ್ಮೆಯಿಂದ ಸಹಕರಿಸಿದ ಪತ್ನಿಗೆ.’ ಅದನ್ನು ಹೊಡೆದುಹಾಕಿದ್ದೇನೆ, ಸುಳ್ಳು ಅಚ್ಚಾಗಬಾರದು. ಅಲ್ಲಿ ‘ಕನ್ನಡ ತಿದ್ದಿದವರು: ತರನ್ನುಮ್, ಬಿ.ಎ.’ ಎಂದು ಬರೆದಿದ್ದೇನೆ. ಮೇಘನಳ ಹನ್ನೊಂದನ್ನು ಮೂರು ಸಾಲಿಗೆ ಇಳಿಸಿದ್ದೇನೆ. ವಾಕ್ಯಗಳು ನಿಜವಾಗಿಯೂ ಉದ್ದವಾಗಿದ್ದವು.