ಎಡಗೈಯ ಪೆಟ್ಟು

ಕೆರಿಯಪ್ಪ,

ಹೊಳೆಯಾಚೆಯ ನಿಮ್ಮ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ನೀವು ಹೋದ ಹೊಸ ಊರಿನ ವಿಳಾಸವನ್ನು ನಾನು ಕೇಳಿಟ್ಟುಕೊಳ್ಳಲಿಲ್ಲ. ಆದರೂ ಬರೆಯುತ್ತಿದ್ದೇನೆ.

ಈ ದೀಪಾವಳಿಯ ಕೋಲಾಟಕ್ಕೆ ನಮ್ಮ ಭಾವ ಬೀರಪ್ಪ ನನಗೆ ಜೋಡಿಯಾದ. ಮೊದಲ ಸುತ್ತಿಗೇ ಅವನ ಬೆರಳಿಗೆ ಹೊಡೆದುಬಿಟ್ಟೆ. ನೀನು ಎಡಚ, ಮೊದಲ ಪೆಟ್ಟು ಯಾವಾಗಲೂ ಎಡಗೈಯದು. ಹನ್ನೆರಡು ವರ್ಷ ನಿನ್ನೆದುರು ಆಡಿದ ನನ್ನ ಕೈ ಆ ಕಡೆಗೇ ಹೋಯಿತು.

“ಎಂಥದಾ ಮಾರಾಯ, ನನ್ ಕೋಲು ಈ ಕಡೆ ಐತಲ್ಲ!” ಎಂದು ಅವನು ಬೆರಳು ಚೀಪಿಕೊಂಡ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಮ್ಮ ಸಾಮಾನಿನ ಲಾರಿ ಹೊರಟ ದಿನ ನೀನು ನಮ್ಮ ಮನೆಗೆ ಬಂದಿದ್ದೆ. ನಾನು ಗದ್ದೆಗೆ ಹೋಗಿದ್ದೇನೆ ಎಂದು ಅವ್ವ ಹೇಳಿದಳಲ್ಲ, ಹಾಗೆ ಹೇಳಿಸಿದ್ದು ನಾನೇ. ನಿನ್ನ ಮುಖ ನೋಡಲಾರದೆ ಕದದ ಹಿಂದೆ ನಿಂತಿದ್ದೆ. ನೀನು ನಿನ್ನ ಎರಡೂ ಕೋಲುಗಳನ್ನು ಜಗುಲಿಯ ಮೇಲೆ ಮೆಲ್ಲಗೆ ಇಟ್ಟ ಸದ್ದು ನನಗೆ ಕೇಳಿಸಿತು.