ಹೊಗೆಯ ದಾರಿ ನೋಡಿದ ಮಾವನಿಗೆ

ನನ್ನ ಮಾವನವರಿಗೆ,

ಮದುವೆಯಾಗಿ ಕುಲಗೋಡಕ್ಕೆ ಬಂದ ಮೊದಲ ವಾರ, ನನ್ನ ಟ್ರಂಕಿನಿಂದ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್, ತಂತಿಯ ಸುರುಳಿ, ಬಿಚ್ಚಿದ ರೇಡಿಯೊಗಳು ಹೊರಬಿದ್ದಾಗ ಅತ್ತೆ ಹಣೆ ಚಚ್ಚಿಕೊಂಡಿದ್ದರು. ಸೊಸೆ ಸೀರೆ ತರುತ್ತಾಳೆ ಅಂದುಕೊಂಡರೆ ಗುಜರಿ ತಂದಿದ್ದಾಳೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ನೀವು ಮಾತ್ರ ನಿಮ್ಮ ಹಳೆಯ ಮೇಜನ್ನು ಖಾಲಿ ಮಾಡಿಕೊಟ್ಟಿರಿ. ಕೆಟ್ಟ ರೇಡಿಯೊ ಬಿಚ್ಚಿ ಮತ್ತೆ ಹಾಡಿಸುವ ನನ್ನ ಹುಚ್ಚಿಗೆ ಆ ಮನೆಯಲ್ಲಿ ಸಿಕ್ಕ ಮೊದಲ ಜಾಗ ಅದು. ಎಷ್ಟು ಸೊಸೆಯಂದಿರಿಗೆ ಅಂಥದ್ದೊಂದು ಮೇಜು ಸಿಗುತ್ತದೆ, ಹೇಳಿ?

ಆಮೇಲೆ ನನಗೆ ಕೆಮ್ಮು ಹಿಡಿದದ್ದು ನೆನಪಿದೆಯಾ? ಕಬ್ಬಿನ ರವದಿ, ಒಣಗಿದ ಗರಿ, ಸುಡುವ ಹೊಗೆ ಎಂದು ಎಲ್ಲರೂ ಸುಮ್ಮನಿದ್ದೆವು. ಆದರೆ ಮೇಜಿಗೆ ಕೂತಾಗಲೇ ಎದೆ ಬಿಗಿಯುತ್ತಿತ್ತು. ಗೋಕಾಕದ ಡಾಕ್ಟರು ಎಲ್ಲ ಕೇಳಿಕೊಂಡು, ಬೆಸುಗೆ ತಂತಿಯೊಳಗೆ ರಾಳ ಇರುತ್ತದೆ, ಅದು ಕಾದು ಏಳುವ ಹೊಗೆ ಕೆಲವರಿಗೆ ದಮ್ಮು ತರುತ್ತದೆ ಎಂದರು. ಹೊಗೆ ಮೂಗಿಗೆ ಬರದಂತೆ ಮಾಡಿಕೊಳ್ಳಿ, ಆಗದಿದ್ದರೆ ಈ ಕೆಲಸ ಬಿಡಿ ಎಂದು ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಬಸ್ಸಿನಲ್ಲೇ ನಿಮ್ಮ ಮಗ ತೀರ್ಮಾನ ಮಾಡಿಬಿಟ್ಟರು, ಎಲ್ಲ ಕಟ್ಟಿ ಅಟ್ಟಕ್ಕೆ ಹಾಕೋಣ ಎಂದು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅದೂ ಹೋದರೆ ಆ ಮನೆಯಲ್ಲಿ ನನ್ನದು ಅಂತ ಏನು...

ಮರುದಿನ ಬೆಳಿಗ್ಗೆಯೇ ನೀವು ಟೇಬಲ್ ಫ್ಯಾನ್ ತಂದು ನನ್ನ ಕುರ್ಚಿಯ ಹಿಂದೆ ಇಟ್ಟಿರಿ. ಮಸಗುಪ್ಪಿ ಸುತ್ತಿನ ತೋಟಗಳಿಗೆಲ್ಲ ಎಣ್ಣೆ ಹೊಡೆದವರು ನೀವು, ಕೀಟದ ಔಷಧಿಯ ಜೊತೆಗೇ ಅರ್ಧ ಆಯುಷ್ಯ ಕಳೆದವರು. “ಗಾಳಿ ಯಾವಾಗ್ಲೂ ಬೆನ್ನಿಗಿರಬೇಕವ್ವಾ” ಎಂದಿರಿ. ನಾನೂ ನಂಬಿದೆ. ಆದರೆ ಕೆಮ್ಮು ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ನಿಮ್ಮ ಮಗ ಸಾಮಾನು ಕಟ್ಟಲು ಹಗ್ಗ ಹುಡುಕತೊಡಗಿದರು.

ಆಗ ನೀವು ದೇವರ ಜಗಲಿಯಿಂದ ಊದಿನಕಡ್ಡಿ ತಂದು ಹಚ್ಚಿ, ನಾನು ಬೆಸುಗೆ ಹಾಕುವ ಜಾಗದಲ್ಲೇ ನಿಲ್ಲಿಸಿದಿರಿ. ನೆಲಕ್ಕೆ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ಪಕ್ಕದಿಂದ ನೋಡಿದಿರಿ. ಬೆನ್ನ ಹಿಂದೆ ಫ್ಯಾನ್ ತಿರುಗುತ್ತಿದ್ದರೂ ಹೊಗೆ ಮುಂದೆ ಹೋಗಲೇ ಇಲ್ಲ. ನನ್ನ ಎದೆಯ ಮುಂದೆ ಸುಳಿ ಸುತ್ತಿ ನೆಟ್ಟಗೆ ಮೂಗಿಗೆ ಏರಿತು.

“ಹೊಲದಾಗ ಬಯಲಿರತೈತಿ, ಗಾಳಿ ಒಯ್ದ ಬಿಡತೈತಿ. ಇಲ್ಲಿ ನೀ ಗ್ವಾಡಿ ಹಂಗ ಕುಂತಿ. ಅದು ಸುತ್ತ ಹಾಕಿ ನಿನ್ನ ಮಾರಿಗೇ ಬರಾಕತ್ತೈತಿ,” ಎಂದು ನಿಮ್ಮ ಪಾಠ ನಿಮಗೇ ತಿರುಗುಬಾಣವಾದದ್ದಕ್ಕೆ ಹೊಟ್ಟೆ ಹಿಡಿದು ನಕ್ಕಿರಿ. ನನಗೆ ಮಾತ್ರ ಅಳು ಬಂದಿತ್ತು ಮಾವ, ಖುಷಿಗೆ.

ಅಂದೇ ಸಂಜೆ ಮೇಜು ಕಿಟಕಿಗೆ ಸರಿಯಿತು. ಅಡುಗೆಮನೆಗೆಂದು ತಂದಿದ್ದ, ಹೊಗೆ ಹೊರಗೆ ಎಳೆಯುವ ಫ್ಯಾನು ನನ್ನ ಎಡಗಡೆಯ ಆ ಕಿಟಕಿಗೆ ಬಂತು. ಅತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರು. ಮತ್ತೊಂದು ಊದಿನಕಡ್ಡಿ ಹಚ್ಚಿದೆವು. ಹೊಗೆ ನನ್ನ ಮುಖದವರೆಗೆ ಏರದೆ ಅಡ್ಡಕ್ಕೆ ಹರಿದು ಹೊರಗೆ ಹೋಯಿತು. ನಿಮ್ಮ ಮಗ ಅದನ್ನು ನಿಂತು ನೋಡಿದರು, ಹಗ್ಗ ಮೂಲೆಗೆ ಎಸೆದು ಚಹಾ ಕೇಳಿದರು.

ಒಮ್ಮೆ ಎರಡೂ ಕೈ ಖಾಲಿ ಇಲ್ಲದೆ ನಾನು ಬೆಸುಗೆ ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ನೀವು ನನ್ನ ಮೇಲೆ ದನಿ ಎತ್ತಿದ್ದು ಆಗ ಮಾತ್ರ. ಅದರಲ್ಲಿ ಸೀಸ ಇದೆ, ಹೊಟ್ಟೆಗೆ ಹೋದರೆ ವಿಷ ಎಂದು ನಾನೇ ನಿಮಗೆ ಹೇಳಿದ್ದೆ, ನೋಡಿ! ಅಂದಿನಿಂದ ಸಾಬೂನು ಹಚ್ಚಿ ಕೈ ತೊಳೆಯದೆ ರೊಟ್ಟಿ ಹಿಟ್ಟು ಮುಟ್ಟುವಂತಿರಲಿಲ್ಲ. ಕಾವಲಿಗೆ ಅತ್ತೆಯನ್ನು ನೇಮಿಸಿದಿರಿ. ಅವರಿಗೂ ಸೊಸೆಯನ್ನು ತಡೆದು ನಿಲ್ಲಿಸುವ ಹಕ್ಕು ಸಿಕ್ಕಿತಲ್ಲ, ಬಲು ಸಂತೋಷದಿಂದ ಒಪ್ಪಿಕೊಂಡರು.

ಯಾಕೆ ಅಷ್ಟು ಕಟ್ಟುನಿಟ್ಟು ಎಂದು ನನಗೆ ತಿಳಿದದ್ದು ನಿಮ್ಮ ಕೊನೆಯ ತಿಂಗಳುಗಳಲ್ಲಿ. ಅಂಗಳ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಾ ಕಟ್ಟೆಯ ಮೇಲೆ ಕೂತು, “ಎಣ್ಣಿ ಹೊಡಿಯೂ ಮುಂದ ಗಾಳಿ ಒಂದ ನೋಡಿದ್ವಿ ಯವ್ವಾ. ಮಾರಿಗೆ ಒಂದು ಅರಬಿ ತುಂಡು ಕಟ್ಟಿದವರಲ್ಲ ನಾವು,” ಎಂದಿರಿ. ನಾನು ನಿಮ್ಮ ಬೆನ್ನು ನೀವುತ್ತಿದ್ದೆ.

ಕಳೆದ ವಾರ ಮತ್ತೆ ಗೋಕಾಕಕ್ಕೆ ಹೋಗಿದ್ದೆ. ಡಾಕ್ಟರು ಕೊಳವೆಯಲ್ಲಿ ಊದಿಸಿದರು, ಎದೆಗೆ ಸ್ಟೆತಾಸ್ಕೋಪ್ ಹಚ್ಚಿ ಕೇಳಿದರು. ಎದೆ ಸ್ವಚ್ಛವಾಗಿದೆ, ಪಂಪು ಇನ್ನು ದಿನಾ ಬೇಡ, ಕೂರುವ ರೀತಿ ಮಾತ್ರ ಬದಲಿಸಬೇಡಿ ಎಂದರು. ಬಸ್ ಸ್ಟ್ಯಾಂಡಿಗೆ ಬಂದವಳೇ ಫೋನು ತೆಗೆದು ನಿಮ್ಮ ನಂಬರು ಒತ್ತಿದೆ. ರಿಂಗಾಗತೊಡಗಿದ ಮೇಲೆಯೇ ನೀವಿಲ್ಲ ಎಂಬ ಎಚ್ಚರವಾದದ್ದು. ಕಟ್ ಮಾಡಬೇಕೆನ್ನುವಷ್ಟರಲ್ಲಿ ಯಾರೋ ಎತ್ತಿದರು.

ಅತ್ತೆ. ನಿಮ್ಮ ಫೋನನ್ನು ಅವರು ಇವತ್ತಿಗೂ ಚಾರ್ಜಿಗೆ ಹಾಕುತ್ತಾರೆ, ಮಾವ. ಯಾಕೆ ಮಾಡಿದೆ ಎಂದು ಅವರು ಕೇಳಲಿಲ್ಲ. ಡಾಕ್ಟರು ಹೇಳಿದ್ದನ್ನು ತೊದಲುತ್ತಾ ಹೇಳಿದೆ.

“ಆತು, ಅವರಿಗೆ ನಾ ಹೇಳ್ತೀನಿ. ನೀ ಬಸ್ ಹಿಡದ ಬಾ,” ಎಂದರು.

ಹೇಳಿದರೋ ಇಲ್ಲವೋ, ಕೇಳುವ ಧೈರ್ಯ ನನಗಾಗಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ: ನಿಮ್ಮ ಸೊಸೆ ಈಗ ಸಲೀಸಾಗಿ ಉಸಿರಾಡುತ್ತಿದ್ದಾಳೆ, ಮಾವ.