ಕಡಲಡಿಯ ಪ್ರಸ್ಥಭೂಮಿಯೂ ಮೊದಲ ಧಾರೆಯೂ

ಹೆಡಿಂಗ್ಲೀ, ಲೀಡ್ಸ್
೧೨ ಜೂನ್ ೨೦೨೫

ಪ್ರೀತಿಯ ಅಮ್ಮನಿಗೆ,

ಬಸ್ಸಿನಲ್ಲಿ ಕೂತು ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಪಕ್ಕದ ಸೀಟಿನ ಅಜ್ಜಿ ನನಗೆ ತಲೆ ಸರಿಯಿಲ್ಲ ಅಂದುಕೊಂಡಿರಬೇಕು. ತಪ್ಪೇನಿಲ್ಲ, ಈಗ ಸರಿಯಿಲ್ಲ.

ಭಾನುವಾರ ನೀನು ಫೋನಿನಲ್ಲಿ ಕೇಳಿದೆಯಲ್ಲ, "ಮದುವೆ ದಿನ ಮೊದಲ ಧಾರೆ ಎರೆಯುವುದು ನಾನಾ, ಅಕ್ಕನಾ? ಬಾಯಿ ಬಿಟ್ಟು ಹೇಳು ಮಾರಾಯ್ತಿ, ನಂಗೆ ಬೇಜಾರಿಲ್ಲ" ಅಂತ. ಬೇಜಾರಿಲ್ಲ ಅನ್ನುವಾಗ ನಿನ್ನ ಸ್ವರ ಹೇಗಾಗುತ್ತದೆಂದು ನನಗೆ ಗೊತ್ತು. ಬಸ್ ಬಂತು ಎಂದು ಫೋನ್ ಇಟ್ಟೆ. ಬಸ್ ಬಂದಿರಲಿಲ್ಲ.

ನಮ್ಮ ಮನೆಯಲ್ಲಿ ಮೊದಲ ಧಾರೆ ತಾಯಿಯ ಕೈಯದು, ಉಳಿದವರದೆಲ್ಲ ಆಮೇಲೆ. "ಇದರಲ್ಲಿ ಕೇಳಲಿಕ್ಕೆ ಎಂತ ಉಂಟು?" ಎಂದು ನಿನ್ನ ಅಳಿಯನಾಗುವ ಅಭಿಜಿತ್ ನಗುತ್ತಾನೆ. ಕೊವೆಂಟ್ರಿಯಲ್ಲಿ ಕಾರಿನ ಇಂಜಿನ್ ಮಾಡುವ ಹುಡುಗ, ಅವನಿಗೆ ಒಂದು ಬೋಲ್ಟಿಗೆ ಒಂದೇ ನಟ್ಟು. ನನ್ನದು ಹಾಗಲ್ಲವಲ್ಲ. ನೀನು ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ನಾನು ಕುಂದಾಪುರದಲ್ಲಿ ನಿನ್ನ ಅಕ್ಕನ, ನನ್ನ ದೊಡ್ಡಮ್ಮನ ಹತ್ತಿರ ಬೆಳೆದೆ. ನೀನು ರಜೆಗೆ ಬಂದರೆ ಅವಳ ಸೆರಗಿನ ಹಿಂದೆ ಅಡಗುತ್ತಿದ್ದೆ. ನೀನು ಗೊಂಬೆಯನ್ನು ನೆಲದ ಮೇಲಿಟ್ಟು ದೂರ ಸರಿದು ಕೂರುತ್ತಿದ್ದೆ. ಅದು ನನಗೆ ಈಗಲೂ ನೆನಪಿದೆ.

ನಿನ್ನೆ ನನ್ನ ಗೈಡ್ ಕೂಡ ಇದೇ ಥರದ ಪ್ರಶ್ನೆ ಕೇಳಿದರು. ನಾನು ಇಲ್ಲಿ ಓದುತ್ತಿರುವುದೇನೆಂದು ನೀನು ಎಷ್ಟೋ ಸಲ ಕೇಳಿದ್ದೀಯಲ್ಲ, ಇವತ್ತು ಹೇಳುತ್ತೇನೆ. ಸಾಗರದ ನಡುವೆ, ನೀರಿನಡಿ, ಉದ್ದಕ್ಕೂ ಬೆಟ್ಟಸಾಲಿನಂಥ ಒಂದು ಏಣು ಇದೆ. ಅಲ್ಲಿ ನೆಲ ಸೀಳಿ ಎರಡೂ ಕಡೆಗೆ ಸರಿಯುತ್ತಲೇ ಇರುತ್ತದೆ. ಆ ಸೀಳಿನಲ್ಲಿ ಕರಗಿದ ಕಲ್ಲು ಮೇಲೆ ಬಂದು ಹೊಸ ನೆಲವಾಗುತ್ತದೆ. ಗದ್ದಲವಿಲ್ಲ, ದಿನವೂ ಅದೇ ಕೆಲಸ. ಹಾಗೆ ಆಗುವ ನೆಲ ಆರೇಳು ಕಿಲೋಮೀಟರ್ ದಪ್ಪ, ಅಷ್ಟೇ. ಇನ್ನೊಂದು ಹಾಟ್‌ಸ್ಪಾಟ್. ಭೂಮಿಯ ಆಳದಿಂದ ವಿಪರೀತ ಬಿಸಿಯಾದ ಕಲ್ಲು ಒಂದೇ ಜಾಗದಲ್ಲಿ ಮೇಲೇಳುತ್ತದೆ. ಆದರೆ ಮೇಲೆ ಹಳೆಯ, ದಪ್ಪ ನೆಲ ಮುಚ್ಚಳದಂತೆ ಕೂತಿದ್ದರೆ ಅದು ಪೂರ್ತಿ ಮೇಲೆ ಬರಲಾರದು, ಸ್ವಲ್ಪವೇ ಕರಗುತ್ತದೆ. ಸಾಲಾಗಿ ಒಂದಷ್ಟು ದ್ವೀಪಗಳಾದಾವು.

ಎರಡೂ ಒಂದೇ ಕಡೆ ಸೇರಿದರೆ? ಏಣಿನ ಬಳಿ ಮುಚ್ಚಳ ತೆಳು. ಆಳದ ಬಿಸಿ ತಡೆಯಿಲ್ಲದೆ ಮೇಲೇರಿ, ಕಲ್ಲು ರಾಶಿರಾಶಿ ಕರಗಿ, ಲಾವಾ ಪದರದ ಮೇಲೆ ಪದರ ಬಿದ್ದು, ಮೂವತ್ತು ಕಿಲೋಮೀಟರಿನವರೆಗೂ ದಪ್ಪದ ಪ್ರಸ್ಥಭೂಮಿ ಕಡಲಡಿಯಲ್ಲಿ ಏಳುತ್ತದೆ. ಐಸ್‌ಲ್ಯಾಂಡ್ ಹಾಗೆಯೇ ಆದದ್ದು, ಅದು ನೀರಿನಿಂದ ಮೇಲೆ ತಲೆ ಎತ್ತಿದೆ ಅಷ್ಟೇ. ಇದನ್ನು ದೊಡ್ಡಮ್ಮನಿಗೆ ಹೇಳಿದಾಗ, "ನೀರಿನಡಿ ಗುಡ್ಡೆ ಇದ್ರೆ ಯಾರಿಗೆಂತ ಉಪಕಾರ? ಊಟ ಮಾಡು" ಅಂದಳು.

ಗೈಡ್ ನನ್ನ ಪ್ರಸ್ಥಭೂಮಿಯ ನಕ್ಷೆ ತೋರಿಸಿ, ಇದನ್ನು ಮಾಡಿದ್ದು ಏಣೋ ಹಾಟ್‌ಸ್ಪಾಟೋ, ಒಂದೇ ಪದದಲ್ಲಿ ಹೇಳು ಅಂದರು. ನನ್ನ ತಲೆಯಲ್ಲಿ ನೀವಿಬ್ಬರೂ ಬಂದುಬಿಟ್ಟಿರಿ. ದಿನವೂ ಜಡೆ ಹಾಕಿ, ಗಂಜಿ ಬಡಿಸಿ, ಸ್ವಲ್ಪ ಸ್ವಲ್ಪವೇ ನನ್ನನ್ನು ಮಾಡಿದ ದೊಡ್ಡಮ್ಮ ಏಣು. ದೂರದಲ್ಲಿದ್ದು ಕಾದ ನೀನು ಹಾಟ್‌ಸ್ಪಾಟ್. ಇಷ್ಟಾಗುವಾಗ ಅನುಮಾನ ಬಂತು. ಶುಕ್ರವಾರ ಶುಕ್ರವಾರ ತಪ್ಪದೆ ಫೋನ್ ಮಾಡುತ್ತಿದ್ದವಳು ನೀನು. ಸಿಟ್ಟು ಬಂದರೆ ಮನೆಯ ಹಂಚು ಹಾರಿಸುತ್ತಿದ್ದವಳು ದೊಡ್ಡಮ್ಮ! ಹಾಗಾದರೆ ಯಾರು ಯಾವುದು? ಕೊನೆಗೆ, "ಗೊತ್ತಿಲ್ಲ ಸರ್, ಒಂದನ್ನು ತೆಗೆದರೆ ಇದು ಇರುವುದಿಲ್ಲ" ಅಂದೆ. ಅದನ್ನೇ ಬರೆ, ಅದಕ್ಕೇಕೆ ಅಳುಮುಖ ಅಂದರು.

ಅಲ್ಲಿಗೆ ಪಾಠ ಮುಗಿಯಿತು, ನನ್ನ ಗೊಂದಲ ಮುಗಿಯಲಿಲ್ಲ. ಪ್ರಸ್ಥಭೂಮಿಗೆ ಮದುವೆ ಇಲ್ಲ. ಮೊದಲು ಯಾರು ಎಂದು ಅದನ್ನು ಯಾರೂ ಕೇಳುವುದಿಲ್ಲ. ನಿನ್ನ ಹೆಸರು ಹೇಳಿದರೆ ದೊಡ್ಡಮ್ಮ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ. ಅವಳ ಹೆಸರು ಹೇಳಿದರೆ ನೀನು ಮತ್ತೆ ದೂರ ಸರಿದು ಕೂರುತ್ತೀಯ. ಎರಡೂ ನನಗೆ ಬೇಡ.

ನನ್ನ ಸ್ಟಾಪ್ ಬಂತು. ಈ ಸಲ ನಿಜವಾಗಿಯೂ.

ನಿನ್ನ, ಇನ್ನೂ ಉತ್ತರ ಗೊತ್ತಿಲ್ಲದ
ಬೃಂದಾ

ಮತ್ತೊಂದು ಮಾತು: "ನಿನ್ನ ಅಮ್ಮನೇ ಎರೀಲಿ, ನಾನು ಪಾಯಸದ ಹತ್ರ ಇರ್ತೇನೆ" ಎಂದು ದೊಡ್ಡಮ್ಮ ಯಾವತ್ತೋ ಹೇಳಿಯಾಗಿದೆ. ಆದರೆ ಶನಿವಾರ ಕೊವೆಂಟ್ರಿಗೆ ಹೋದಾಗ, ಮದುವೆಗೆಂದು ಮೊದಲೇ ಬಂದಿಳಿದ ಅವಳು ಅಲ್ಲಿನ ಅಡುಗೆಮನೆಯಲ್ಲಿ ಧಾರೆಯ ಗಿಂಡಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು, ಆಗಲೇ ಬಂಗಾರದ ಹಾಗೆ ಹೊಳೆಯುತ್ತಿದ್ದ ಗಿಂಡಿಯನ್ನು. ನೀರು ತುಂಬಿ ಎತ್ತಿ ನೋಡು ಅಂದೆ. ಅವಳ ಬಲಭುಜ ಈಗ ಮೇಲೇಳುವುದಿಲ್ಲ ಅಮ್ಮ. ಗಿಂಡಿ ಅರ್ಧದಲ್ಲೇ ವಾಲಿತು. ನಾನು ಅಡಿಗೆ ಕೈ ಕೊಟ್ಟೆ, ಧಾರೆ ನೆಟ್ಟಗೆ ಬಿತ್ತು. ಆದರೆ ಆ ದಿನ ನನ್ನ ಎರಡೂ ಕೈ ಅಭಿಜಿತ್‌ನ ಕೈಯ ಜೊತೆ ನೀರಿನ ಕೆಳಗಿರುತ್ತವೆ. ಗಿಂಡಿಯ ಅಡಿಗೆ ನಿನ್ನ ಕೈ ಬೇಕು.